ಕೊಂಬೈಗೆಲ್ಲಾ ಒಂದೇ ನಂಬರು

ಕೆಲವರು ಏನು ಕೊಂಡರೂ ಬಾಳಿಕೆ ಬರುತ್ತದೆ. ನಾನು ಏನು ಕೊಂಡರೂ ಅದೊಂದು ಕಥೆಯಾಗಿ ಊರೆಲ್ಲಾ ಸುತ್ತುತ್ತದೆ. ಅಂಗಡಿಯಲ್ಲಿ ಹಾಕಿ, ನಡೆದು, ನೋಡಿ ತಂದ ಚಪ್ಪಲಿ ಮನೆಗೆ ಬಂದಾಗ ಎರಡೂ ಎಡಗಾಲಿನದಾಗಿರುವ ಜಾತಕ ನನ್ನದು. ಇಂಥವನನ್ನು ಒಂದು ಆಸ್ಪತ್ರೆಯವರು ಖರೀದಿ ಮ್ಯಾನೇಜರ್ ಅಂತ ಕುರ್ಚಿ ಹಾಕಿ ಕೂರಿಸಿದ್ದಾರೆ. ತಪ್ಪು ಅವರದ್ದೋ ನನ್ನದೋ ನೀವೇ ಹೇಳಿ.

ನಮ್ಮ ಆಸ್ಪತ್ರೆ ತಮಿಳುನಾಡಿನಲ್ಲಿ ಮೂರು ಕಡೆ ಇದೆ. ತೇನಿಯಲ್ಲಿ ಮೊದಲಿನದು, ಬೋಡಿಯಲ್ಲಿ ಚಿಕ್ಕದು, ದಿಂಡಿಗಲ್‌ನಲ್ಲಿ ದೊಡ್ಡದು. ಹತ್ತಿಯಿಂದ ಹಿಡಿದು ಸ್ಕ್ಯಾನ್ ಯಂತ್ರದವರೆಗೆ ನನ್ನ ಸಹಿ ಬೀಳದೆ ಏನೂ ಒಳಗೆ ಬರುವುದಿಲ್ಲ. ತೇನಿಯಲ್ಲಿ ಬರೆದದ್ದು ದಿಂಡಿಗಲ್‌ನಲ್ಲಿ ಕಾಣಬೇಕು, ಎಲ್ಲ ಯಂತ್ರಗಳೂ ಒಂದರ ಜೊತೆ ಒಂದು ಮಾತಾಡಬೇಕು ಅನ್ನುವುದು ನಮ್ಮ ಯಜಮಾನರಾದ ದೊಡ್ಡ ಡಾಕ್ಟರ ಆಸೆ. ಅದಕ್ಕೆ ತಕ್ಕದ್ದನ್ನು ಕೊಳ್ಳುವುದು ನನ್ನ ಕೆಲಸ. ನಾನೋ ಅಲ್ಲೇ ತೇನಿ ಸೀಮೆಯ ಕೊಂಬೈ ಊರಿನವನು. ಮನೆಯಲ್ಲಿ ಆಡುವುದು ತಲೆಮಾರುಗಳ ಹಿಂದೆ ಹೊತ್ತು ತಂದ ಕನ್ನಡ, ಬೀದಿಯಲ್ಲಿ ತಮಿಳು, ಟೆಂಡರ್ ಬರೆಯುವುದು ಇಂಗ್ಲಿಷು. ಈ ಮೂರೂ ನನ್ನ ತಲೆಯೊಳಗೇ ಸರಿಯಾಗಿ ಮಾತಾಡಿಕೊಳ್ಳುವುದಿಲ್ಲ. ನಾನು ಯಂತ್ರಗಳನ್ನು ಮಾತಾಡಿಸಲು ಹೊರಟೆ.

ಹೊರಡುವುದಕ್ಕೆ ನನ್ನದೇ ಆದ ಕಾರಣವೂ ಇತ್ತು. ಅದು ನನ್ನ ಅತ್ತೆ, ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೆಲವು ವರ್ಷದ ಹಿಂದೆ ಕಾಲಿಗೆ ಮುಳ್ಳು ಹೊಕ್ಕು ಕೀವಾಯಿತು ಅಂತ ತೇನಿಯಲ್ಲಿ ಅವಳಿಗೆ ಪೆನಿಸಿಲಿನ್ ಊಸಿ ಹಾಕಿದರು. ಊಸಿ ಅಂದರೆ ಇಂಜೆಕ್ಷನ್ನು, ನಮ್ಮ ಮನೆಮಾತಿನಲ್ಲಿ ಹಾಗೇ. ಹಾಕಿದ ಹೊತ್ತಿಗೆ ಮುಖ ಊದಿ, ಉಸಿರು ಕಟ್ಟಿ, ಹೋದಳು ಅಂತಲೇ ನಾವು ಅಂದುಕೊಂಡೆವು. ಹೇಗೋ ಉಳಿಸಿಕೊಂಡರು. ಇನ್ನೊಂದು ಸಲ ಅದನ್ನು ಹಾಕಿದರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದರು.

ಅತ್ತೆ ನನ್ನ ಕೈ ಹಿಡಿದು, "ಮರ್ತುಬಿಟ್ಟು ಯಾರಾದ್ರೂ ಹಾಕಿಬಿಟ್ರೆ?" ಅಂದಳು.

"ಕಂಪ್ಯೂಟರಿಗೆ ಹಾಕಿದೀನಿ ಅತ್ತೆ. ನೀನು ಎಲ್ಲಿ ಹೋದ್ರೂ ಅದು ಜೊತೆಗೇ ಬರುತ್ತೆ" ಅಂದೆ.

ಅಂದದ್ದೇನೋ ಅಂದುಬಿಟ್ಟೆ. ಆಗ ನಮ್ಮ ಕಂಪ್ಯೂಟರಿನ ಮಾತು ತೇನಿ ಆಸ್ಪತ್ರೆಯ ಗೇಟಿನವರೆಗೂ ಹೋಗುತ್ತಿರಲಿಲ್ಲ.

ಕೇಬಲ್ಲಿನ ಉಪಯೋಗ

ನಾನು ಕೊಂಡ ಮೊದಲ ದೊಡ್ಡ ವಸ್ತು ರಕ್ತ ಪರೀಕ್ಷೆಯ ಯಂತ್ರ. ಮಾರಲು ಬಂದವನು ಬಹಳ ಮರ್ಯಾದಸ್ಥ. ಬೆರಳು ಮುಟ್ಟಿಸಿದರೆ ಬಣ್ಣ ಬಣ್ಣದ ಚಿತ್ರ ಬರುವ ಪರದೆ ತೋರಿಸಿದ. ನಾನೂ ಮುಟ್ಟಿದೆ. ಬಂತು. ಇನ್ನೊಂದು ಸಲ ಮುಟ್ಟಿದೆ. ಆಗಲೂ ಬಂತು. ಇದಕ್ಕಿಂತ ಏನು ಪರೀಕ್ಷೆ ಬೇಕು ಅಂತ ಸಹಿ ಹಾಕಿದೆ. ಇದು ನಮ್ಮ ಕಂಪ್ಯೂಟರಿನ ಜೊತೆ ಮಾತಾಡುತ್ತದೆಯೇ ಅಂತ ಕೇಳುವುದು ಮಾತ್ರ ಮರೆತೆ.

ಅದು ಮಾತಾಡಲಿಲ್ಲ. ಅದರ ಪರದೆಯಲ್ಲಿ ಬಂದ ಅಂಕಿಯನ್ನು ಲ್ಯಾಬಿನ ಹುಡುಗಿ ಕತ್ತು ತಿರುಗಿಸಿ ಓದಿ, ಈ ಕಡೆ ತಿರುಗಿ ಕಂಪ್ಯೂಟರಿಗೆ ಟೈಪ್ ಮಾಡಬೇಕು. ದಿನವೆಲ್ಲ ಹೀಗೆ ತಿರುಗಿ ತಿರುಗಿ ಅವಳಿಗೆ ಕತ್ತು ನೋವು ಬಂದು ನಮ್ಮ ಮೂಳೆ ಡಾಕ್ಟರಿಗೆ ಒಬ್ಬ ರೋಗಿ ಸಿಕ್ಕಿದಳು.

ನಾನು ಸುಮ್ಮನಿರುವವನಲ್ಲ. ಯಂತ್ರದ ಹಿಂದೆ ಒಂದು ತೂತು, ಕಂಪ್ಯೂಟರಿನ ಹಿಂದೆ ಒಂದು ತೂತು ಇದ್ದವು. ಎರಡಕ್ಕೂ ಸರಿಯಾಗಿ ಕೂರುವ ಕೇಬಲ್ಲನ್ನು ಮದುರೆಯಿಂದ ತರಿಸಿ ಚುಚ್ಚಿ, ಜೋಡಣೆ ಮುಗಿಯಿತು ಅಂತ ದೊಡ್ಡ ಡಾಕ್ಟರಿಗೆ ವರದಿ ಕೊಟ್ಟೆ. ಅವರು ನೋಡಲು ಬಂದರು. ಕೇಬಲ್ಲೇನೋ ಬಿಗಿಯಾಗಿ ನಿಂತಿತ್ತು. ಅದರ ಮೇಲೆ ನೆಲ ಒರೆಸುವ ಅಮ್ಮ ತನ್ನ ಒದ್ದೆ ಬಟ್ಟೆ ಹರವಿದ್ದಳು.

ಡಾಕ್ಟರು ಬಹಳ ಹೊತ್ತು ನೋಡಿ, "ಪರವಾಗಿಲ್ಲ, ಏನೋ ಒಂದು ಒಣಗುತ್ತಿದೆ" ಅಂದರು.

ಕೆಳಗಿನ ಟೊಮೇಟೊ

ಇನ್ನು ಮೇಲೆ ಜಾಣತನದಿಂದ ಕೊಳ್ಳಬೇಕು ಅಂತ ಹಟ ಹಿಡಿದೆ. ಒಡ್ಡನ್‌ಛತ್ರಂ ಮಾರ್ಕೆಟ್ಟಿನಲ್ಲಿ ನನ್ನ ಭಾವ ತರಕಾರಿ ಮಂಡಿ ಇಟ್ಟಿದ್ದಾನೆ. ಕೊಳ್ಳುವ ವಿದ್ಯೆ ಕಲಿಸು ಅಂತ ಅವನ ಹತ್ತಿರ ಹೋದೆ. ಅವನು ನನ್ನ ಕಡೆ ನೋಡದೆಯೇ, ಬಂದ ಒಂದು ಕ್ರೇಟಿನೊಳಗೆ ಮೊಣಕೈವರೆಗೆ ಕೈ ಬಿಟ್ಟು ತಳದ ಟೊಮೇಟೊ ಎಳೆದು ತೋರಿಸಿದ. ಮೇಲಿರುವುದು ಮಾರುವವನು ತೋರಿಸುವ ಟೊಮೇಟೊ, ತಳದಲ್ಲಿರುವುದು ನಾವು ಕೊಳ್ಳುವ ಟೊಮೇಟೊ ಅಂದ. ನನಗೆ ಜ್ಞಾನೋದಯವಾಯಿತು. ಅವನು ಕಟ್ಟಿಕೊಟ್ಟ ನುಗ್ಗೆಕಾಯಿ ಹೊತ್ತು ತೇನಿಗೆ ಬಂದೆ.

ಮುಂದಿನ ವಾರವೇ ಒಬ್ಬ ಸಾಫ್ಟ್‌ವೇರ್ ಮಾರುವವನು ಬಂದ. ನಾನು, ದೊಡ್ಡ ಡಾಕ್ಟರು, ಅವರ ಶ್ರೀಮತಿ, ಹಿರಿಯ ನರ್ಸುಗಳು ಎಲ್ಲ ಕೂತಿದ್ದೆವು. ಅವನು ಒಬ್ಬ ಸುಳ್ಳು ರೋಗಿಯ ಸುಳ್ಳು ದಾಖಲೆ ತೆರೆದು ತೋರಿಸತೊಡಗಿದ. ನಾನು ತಡೆದೆ. ಇದೆಲ್ಲ ಮೇಲಿನ ಟೊಮೇಟೊ, ನಮಗೆ ಕೆಳಗಿನದು ಬೇಕು ಅಂದೆ. ಅವನಿಗೆ ಅರ್ಥವಾಗಲಿಲ್ಲ. ಬೇರೆ ಆಸ್ಪತ್ರೆಯಲ್ಲಿರುವ ನಿಜವಾದ ದಾಖಲೆ ಇಲ್ಲಿ ಕಾಣುತ್ತದೋ ಇಲ್ಲವೋ ಅದನ್ನು ತೋರಿಸು ಅಂತ ಬಿಡಿಸಿ ಹೇಳಿದೆ. ಹಾಗೆ ತೋರಿಸಬಾರದು ಸಾರ್ ಅಂತ ಅವನು ಬೆವರಿದ. ನಾನು ಬಿಡಲಿಲ್ಲ. ಬೇಕಾದರೆ ನಮ್ಮ ದೊಡ್ಡ ಡಾಕ್ಟರ ಹೆಸರನ್ನೇ ಹಾಕಿ ಹುಡುಕು, ಅವರಿಗೆ ಜೀವಮಾನದಲ್ಲಿ ಒಂದು ತಲೆನೋವೂ ಬಂದಿಲ್ಲ, ಬಂದರೂ ನಮ್ಮ ಆಸ್ಪತ್ರೆ ಬಿಟ್ಟು ಇನ್ನೊಂದರ ಮೆಟ್ಟಿಲು ಹತ್ತುವವರಲ್ಲ ಅಂತ ಎದೆಯುಬ್ಬಿಸಿ ಹೇಳಿದೆ.

ಡಾಕ್ಟರು ಏನೋ ಹೇಳಲು ಕೈ ಎತ್ತಿದರು. ಅಷ್ಟರಲ್ಲಿ ಅವನು ಹೆಸರು ಒತ್ತಿಬಿಟ್ಟಿದ್ದ.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮದುರೆಯ ಒಂದು ಆಸ್ಪತ್ರೆಯ ದಾಖಲೆ ಬಂತು. ಮೂಲವ್ಯಾಧಿ. ಆಪರೇಷನ್ ಆಗಿದೆ. ಕೂರುವಾಗ ಗಾಳಿ ತುಂಬಿದ ದಿಂಬು ಬಳಸಬೇಕು ಅಂತಲೂ ಇತ್ತು. ನಾವೆಲ್ಲ ಪರದೆ ನೋಡಿ, ಆಮೇಲೆ ಡಾಕ್ಟರ ಕುರ್ಚಿಯ ಮೇಲಿದ್ದ ದಿಂಬನ್ನು ನೋಡಿದೆವು. ಅವರ ಶ್ರೀಮತಿಯವರು, ಆ ವಾರ ಕೊಡೈಕನಾಲಿನಲ್ಲಿ ಸಮ್ಮೇಳನ ಅಂದಿದ್ದಿರಿ ಅಂತ ನಿಧಾನವಾಗಿ ಕೇಳಿದರು.

ಮಾರುವವನು ಹೋದ ಮೇಲೆ, ಕೊಳ್ಳೋಣವೇ ಸಾರ್ ಅಂದೆ.

"ಬೇಡ" ಅಂದರು ಡಾಕ್ಟರು. "ಇದು ತುಂಬಾ ಚೆನ್ನಾಗಿ ಮಾತಾಡುತ್ತದೆ."

ಬಸ್ಸಿನಲ್ಲಿ ಹೋದ ದಾಖಲೆ

ಆಮೇಲೆ ನನ್ನನ್ನು ತರಬೇತಿಗೆ ಕಳಿಸಿದರು. ಯಂತ್ರಗಳು ಎಲ್ಲರಿಗೂ ತಿಳಿಯುವ ಒಂದೇ ಸಾಮಾನ್ಯ ಭಾಷೆಯಲ್ಲಿ ಮಾತಾಡಲೇಬೇಕು ಅಂತ ಟೆಂಡರಿನಲ್ಲೇ ಬರೆಯಿರಿ, ಮಾತಾಡಿ ತೋರಿಸಿದ ಮೇಲೆ ಸಹಿ ಹಾಕಿ ಅಂತ ಅಲ್ಲಿ ಹೇಳಿಕೊಟ್ಟರು. ಒಳ್ಳೆಯ ಮಾತು. ಹಾಗೆಯೇ ಬರೆದೆ. ಗೆದ್ದು ಬಂದ ಕಂಪನಿಯವನನ್ನು ಕೂರಿಸಿ, ತೇನಿಯ ಒಂದು ದಾಖಲೆಯನ್ನು ಇವತ್ತು ದಿಂಡಿಗಲ್ ಮುಟ್ಟಿಸು ಅಂದೆ. ಹೇಗೆ ಮುಟ್ಟಿಸಬೇಕು ಅಂತ ನಾನು ಬರೆದಿರಲಿಲ್ಲ.

ನಮ್ಮ ಕಡೆ ಊರಿಂದ ಊರಿಗೆ ಏನು ಕಳಿಸಬೇಕಾದರೂ ಬಸ್ ಕಂಡಕ್ಟರ ಕೈಗೆ ಕೊಡುವುದು ರೂಢಿ. ಮಲ್ಲಿಗೆ ಹೂವು, ಮದುವೆ ಪತ್ರಿಕೆ, ಮರೆತ ಕನ್ನಡಕ ಎಲ್ಲ ಹಾಗೇ ಹೋಗುತ್ತವೆ. ಕಂಪನಿಯವನೂ ನಮ್ಮ ಸೀಮೆಯವನೇ. ದಾಖಲೆಯನ್ನು ಪೆನ್‌ಡ್ರೈವಿಗೆ ಹಾಕಿ, ದಾರ ಕಟ್ಟಿ, ಕಂಡಕ್ಟರ ಕೈಗೆ ಕೊಟ್ಟು, ನಮಸ್ಕಾರ ಮಾಡಿ ಕಳಿಸಿದ. ದಿಂಡಿಗಲ್‌ನಲ್ಲಿ ನಮ್ಮವನು ಸ್ಟ್ಯಾಂಡಿಗೆ ಹೋಗಿ ಕಾದ. ಕಂಡಕ್ಟರು ಮರೆತ.

ಸಂಜೆ ಡಾಕ್ಟರು ಫೋನು ಮಾಡಿ, ದಾಖಲೆ ದಿಂಡಿಗಲ್ ಮುಟ್ಟಿತೇ ಅಂತ ಕೇಳಿದರು. ದಾಟಿಯೇ ಹೋಯಿತು ಸಾರ್, ಈಗ ತಿರುಚಿಯಲ್ಲಿದೆ ಅಂದೆ.

ಬೈಸಿಕೊಂಡ ಮೇಲೆ ಷರತ್ತುಗಳನ್ನು ಬಿಗಿ ಮಾಡಿದೆ. ದಾಖಲೆ ತಂತಿಯಲ್ಲೇ ಹೋಗಬೇಕು, ಬಸ್ಸಿನಲ್ಲಲ್ಲ. ಜೊತೆಗೆ ನನ್ನ ಸ್ವಂತ ತಲೆ ಓಡಿಸಿ ಎರಡು ಸೇರಿಸಿದೆ. ಹೆಸರು ಒಂದೇ ಇರುವವರು ಬಹಳ ಮಂದಿ, ಆದ್ದರಿಂದ ರೋಗಿಯನ್ನು ಮೊಬೈಲ್ ನಂಬರಿನಿಂದ ಗುರುತಿಸಬೇಕು, ಒಂದು ನಂಬರಿಗೆ ಒಂದೇ ದಾಖಲೆ. ಎರಡನೆಯದು, ಒಮ್ಮೆ ಬರೆದದ್ದನ್ನು ಯಾರಿಗೂ, ಯಾವ ಕಾರಣಕ್ಕೂ ಅಳಿಸಲಾಗಬಾರದು. ಡಾಕ್ಟರು ಓದಿ ನನ್ನ ಬೆನ್ನು ತಟ್ಟಿದರು. ಕೆಲಸಕ್ಕೆ ಸೇರಿದ ಮೇಲೆ ಅವರು ನನ್ನ ಬೆನ್ನು ತಟ್ಟಿದ್ದು ಅದೊಂದೇ ಸಲ.

ಗಂಡನನ್ನು ಕರೆತನ್ನಿ

ಈಗ ಒಂದು ವಿಷಯ ಹೇಳಬೇಕು. ನಮ್ಮ ಜನಕ್ಕೆ ಆಸ್ಪತ್ರೆಯಲ್ಲಿ ಒಬ್ಬ ನಮ್ಮವನಿದ್ದಾನೆ ಅಂದರೆ ಆಯಿತು, ರೋಗ ಅರ್ಧ ವಾಸಿ. ಚೀಟಿ ಬರೆಯುವಲ್ಲಿ ಫೋನ್ ನಂಬರು ಕೇಳಿದರೆ ಕೊಂಬೈಯವರೆಲ್ಲ ನನ್ನ ನಂಬರು ಕೊಡುತ್ತಾರೆ. ಬೋಡಿಮೆಟ್ಟಿನ ಏಲಕ್ಕಿ ತೋಟದಲ್ಲಿರುವ ನೆಂಟರಿಗೆ ಅಲ್ಲಿ ಸಿಗ್ನಲ್ ಸಿಗುವುದಿಲ್ಲ, ಅವರೂ ನನ್ನದನ್ನೇ ಕೊಡುತ್ತಾರೆ. ಸ್ವಂತ ಫೋನು ಕೈಯಲ್ಲಿ ಹಿಡಿದುಕೊಂಡೇ ನನ್ನ ನಂಬರು ಹೇಳುವವರೂ ಇದ್ದಾರೆ. ನಾನೇ ತಾನೆ ಮದುವೆ ಮನೆಗಳಲ್ಲಿ ಕಾಲ ಮೇಲೆ ಕಾಲು ಹಾಕಿ, ಯಾರಿಗೇ ಏನಾದರೂ ನನ್ನ ನಂಬರು ಕೊಡಿ, ನಾನು ನೋಡಿಕೊಳ್ಳುತ್ತೇನೆ ಅಂತ ಬೀಗಿದವನು.

ಹೊಸ ಸಾಫ್ಟ್‌ವೇರ್ ಬಂದ ದಿನ ಬೆಳಗ್ಗೆ ಅದು ನಿಯಮದ ಪ್ರಕಾರ ಕೆಲಸ ಶುರು ಮಾಡಿತು. ಒಂದು ನಂಬರು, ಒಬ್ಬ ರೋಗಿ. ಆಸ್ಪತ್ರೆಯ ನೌಕರ ಅಂತ ಆ ನಂಬರಿನಲ್ಲಿ ಮೊದಲು ದಾಖಲಾದವನು ನಾನು. ಆದ್ದರಿಂದ ಕೊಂಬೈಯ ಸಮಸ್ತ ರೋಗಗಳೂ ನನ್ನ ಹೆಸರಿಗೆ ಬಂದು ಕೂತವು. ನನಗದು ಗೊತ್ತಾಗಲಿಲ್ಲ. ಮೆಸೇಜುಗಳು ಮಾತ್ರ ಬರತೊಡಗಿದವು. ನಿಮ್ಮ ಹಾವು ಕಡಿತದ ಗಾಯಕ್ಕೆ ಇವತ್ತು ಡ್ರೆಸ್ಸಿಂಗ್. ನಿಮ್ಮ ಹಲ್ಲಿನ ಸೆಟ್ಟು ಸಿದ್ಧವಾಗಿದೆ. ಜೊತೆಗೆ ಯಂತ್ರದ ಧ್ವನಿಯ ಕರೆಗಳು: ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ. ಯಾರೋ ನೆಂಟರಿಗೆ ಬಂದ ಕರೆ ಅಂತ ಪೂರ್ತಿ ಕೇಳುವ ಮೊದಲೇ ಎರಡು ಒತ್ತಿ ಮುಗಿಸುವುದು ನನಗೆ ಅಭ್ಯಾಸವಾಯಿತು.

ಒಂದು ದಿನ ಸ್ನಾನ ಮಾಡಿ ಬರುವಾಗ ಹೆಂಡತಿ ನನ್ನ ಫೋನು ಹಿಡಿದು ನಿಂತಿದ್ದಳು. ಮುಖದಲ್ಲಿ ನಗುವೂ ಇಲ್ಲ, ಕೋಪವೂ ಇಲ್ಲ. "ನಿಮಗೆ ಏಳು ತಿಂಗಳಂತೆ. ನಾಳೆ ಸ್ಕ್ಯಾನಿಂಗಿಗೆ ಗಂಡನನ್ನು ಕರೆತನ್ನಿ ಅಂತ ಬರೆದಿದೆ. ನಾನೇ ಬರಬೇಕಾ, ಬೇರೆ ಯಾರಾದ್ರೂ ಇದ್ದಾರಾ?" ಅಂದಳು.

ಸಭೆಯ ನಡುವೆ

ಆ ವರ್ಷವೇ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ದಿಂಡಿಗಲ್‌ನಲ್ಲಿ ಆಪರೇಷನ್. ನನಗೆ ಜೊತೆಗೆ ಹೋಗಲಾಗಲಿಲ್ಲ, ಏಕೆಂದರೆ ಅದೇ ದಿನ ತೇನಿಯಲ್ಲಿ ಸಭೆ. ಸುತ್ತಲ ಆಸ್ಪತ್ರೆಗಳವರನ್ನೆಲ್ಲ ದೊಡ್ಡ ಡಾಕ್ಟರು ಕರೆದಿದ್ದರು. ಜಾಣತನದ ಖರೀದಿ ಹೇಗೆ ಅಂತ ಭಾಷಣ ಮಾಡಬೇಕಾದವನು ನಾನು.

ಅತ್ತೆಯ ಸೊಸೆ ಅವಳನ್ನು ಕರೆದುಕೊಂಡು ಹೋದಳು. ಅಲ್ಲಿ ಏನಾಯಿತು ಅಂತ ನನಗೆ ತಿಳಿದದ್ದು ಆಮೇಲೆ. ನಿಮಗೆ ಯಾವುದಾದರೂ ಮದ್ದು ಆಗುವುದಿಲ್ಲವೇ ಅಂತ ಡಾಕ್ಟರು ಕೇಳಿದ್ದಾರೆ. ಅತ್ತೆ ನೆಮ್ಮದಿಯಾಗಿ, "ನನ್ ಅಳಿಯ ಎಲ್ಲಾನೂ ಕಂಪ್ಯೂಟರಿಗೆ ಹಾಕವ್ನೆ, ಅಲ್ಲಿ ನೋಡ್ಕೊ" ಅಂದಿದ್ದಾಳೆ. ಅವಳು ಕೊಟ್ಟಿದ್ದ ನಂಬರೂ ನನ್ನದೇ, ಅದನ್ನು ಒತ್ತಿ ಅವರು ನೋಡಿದ್ದಾರೆ. ಕಂಡದ್ದು ಗಂಡಸಿನ ಹೆಸರು, ಹೊಟ್ಟೆಯಲ್ಲಿ ಏಳು ತಿಂಗಳ ಮಗು, ಹಾವಿನ ಕಡಿತ, ಹಲ್ಲಿನ ಸೆಟ್ಟು. ಆ ರಾಶಿಯೊಳಗೆ ಎಲ್ಲೋ ಪೆನಿಸಿಲಿನ್ ಆಗದು ಅಂತಲೂ ಇತ್ತು. ಇದರಲ್ಲಿ ಯಾವುದನ್ನು ನಂಬುವುದು ಅಂತ ಅವರು ಬಿಟ್ಟಿದ್ದಾರೆ. ಅದೇ ನಂಬರಿಗೆ ಹೊಸ ದಾಖಲೆ ತೆರೆಯಲು ನೋಡಿದರೆ ಯಂತ್ರ ಬಿಡಲಿಲ್ಲ. ಕೊನೆಗೆ ನನ್ನ ಹೆಸರಿನ ಪಟ್ಟಿಯನ್ನೇ ಅತ್ತೆಯ ಕೈಗೆ ಕಟ್ಟಿ ಆಪರೇಷನ್ ಕೋಣೆಯ ಬಾಗಿಲಿಗೆ ಒಯ್ದಿದ್ದಾರೆ.

ಇಲ್ಲಿ ನಾನು ಕೋಟು ಹಾಕಿಕೊಂಡು ನಿಂತಿದ್ದೆ. ಚಿತ್ರಗಳನ್ನು ತೋರಿಸಲು ನನ್ನ ಫೋನನ್ನೇ ಸಭೆಯ ಪರದೆಗೂ ಸ್ಪೀಕರುಗಳಿಗೂ ಜೋಡಿಸಿದ್ದರು. ಇನ್ನು ಮೇಲೆ ಯಾರೂ ಯಾರಿಗೂ ಫೋನ್ ಮಾಡಿ ರೋಗಿಯ ವಿಷಯ ಕೇಳುವ ಅಗತ್ಯವಿಲ್ಲ ಅಂತ ನಾನು ಗಂಭೀರವಾಗಿ ಹೇಳುತ್ತಿದ್ದಾಗ ಫೋನು ಬಂತು. ಯಂತ್ರದ ಧ್ವನಿ ಸಭೆಯ ನಾಲ್ಕು ಮೂಲೆಗೂ ಕೇಳಿಸಿತು. ದಿಂಡಿಗಲ್ ಆಸ್ಪತ್ರೆ. ಇವತ್ತು ನಿಮಗೆ ಆಪರೇಷನ್ ಇದೆ. ನಿಮಗೆ ಆಗದ ಮದ್ದು ಇದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು ಒತ್ತಿ.

ಹೆಬ್ಬೆರಳು ಅಭ್ಯಾಸಬಲದಿಂದ ಎರಡರ ಮೇಲೆ ಹೋಗಿ ನಿಂತಿತ್ತು. ಇನ್ನೇನು ಒತ್ತಬೇಕು, ಆಗ ಹೊಳೆಯಿತು. ಆಪರೇಷನ್ ನನಗಲ್ಲ, ಅತ್ತೆಗೆ. ಎರಡು ಒತ್ತಿದರೆ ಅತ್ತೆ ಇರುವುದಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದು ಒಂದು ಒತ್ತಿದೆ. ಯಂತ್ರ ಕರೆಯನ್ನು ಒಬ್ಬ ನರ್ಸಿಗೆ ದಾಟಿಸಿತು. ಅವಳು ತಮಿಳಿನಲ್ಲಿ ಏನು ಅಂತ ಕೇಳಿದಳು. ಹೆದರಿಕೆಯಲ್ಲಿ ನನಗೆ ತಮಿಳೂ ಹೋಯಿತು, ಇಂಗ್ಲಿಷೂ ಹೋಯಿತು. ಅತ್ತೆಯ ಸೊಂಟದ ಮೇಲೆ ಕೂತು ಕಲಿತದ್ದೊಂದೇ ಬಾಯಿಗೆ ಬಂತು.

"ನಮ್ಮತ್ತೆಗೆ ಪೆನಿಸಿಲಿನ್ ಊಸಿ ಹಾಕಬ್ಯಾಡ್ರವ್ವಾ, ಸತ್ತೋಗ್ತಾಳೆ" ಅಂದೆ. ಕೂಗಿದೆ ಅಂತಲೇ ಹೇಳಬೇಕು.

ಆ ಕಡೆಯಿಂದ ನರ್ಸು ನಮ್ಮ ಮಾತಿನಲ್ಲೇ, "ಯಾವೂರು ನೀವು, ಕೊಂಬೈಯಾ?" ಅಂದಳು. ಅವಳ ತಾಯಿಯ ಊರು ಕಂಬಂ ಹತ್ತಿರವಂತೆ. ಮದ್ದು ಸಿರಿಂಜಿಗೆ ಏರಿಸಿ ಆಗಿತ್ತಂತೆ, ಈಗಲೇ ಚೆಲ್ಲಿಸುತ್ತೇನೆ ಅಂದಳು. ಫೋನು ಇಡದೆ ಓಡಿದಳು. ಅವಳ ಚಪ್ಪಲಿಯ ಸದ್ದನ್ನು ಇಡೀ ಸಭೆ ಕೇಳಿತು. ಮತ್ತೆ ಬಂದು, "ಬೇರೆ ಮದ್ದು ಹಾಕ್ತಾರೆ. ಅಳಬ್ಯಾಡಿ ಮಾವ" ಅಂದಳು. ಆಗಲೇ ನನಗೆ ನಾನು ಅಳುತ್ತಿದ್ದೇನೆ ಅಂತ ಗೊತ್ತಾದದ್ದು.

ಕಣ್ಣೊರೆಸಿಕೊಂಡು ನೋಡಿದರೆ ಎದುರಿಗೆ ಊರಿನ ಡಾಕ್ಟರುಗಳೆಲ್ಲ ಬಾಯಿ ಬಿಟ್ಟು ಕೂತಿದ್ದಾರೆ. ಮುಂದಿನ ಸಾಲಿನಲ್ಲಿದ್ದ ಒಬ್ಬರು, ತೇನಿಯ ಮಾಹಿತಿ ದಿಂಡಿಗಲ್‌ಗೆ ಇಷ್ಟು ಬೇಗ ಹೋಯಿತಲ್ಲ, ಈ ವ್ಯವಸ್ಥೆ ಯಾವ ಕಂಪನಿಯದು ಅಂತ ನಮ್ಮ ದೊಡ್ಡ ಡಾಕ್ಟರನ್ನು ಕೇಳಿದರು.

"ಕೊಂಬೈಯದು" ಅಂದರು ನಮ್ಮವರು. "ಬಿಡಿಭಾಗ ಸಿಕ್ಕುವುದಿಲ್ಲ. ಕೊಳ್ಳಬೇಡಿ."

ಇಲ್ಲದ ಪಿತ್ತಕೋಶ

ಅತ್ತೆ ವಾಸಿಯಾಗಿ ಮನೆಗೆ ಬಂದಳು. ನಾನು ಹೋಗಿ ಅವಳ ಕಾಲ ಬಳಿ ಕೂತು, ನಾನು ಕೊಟ್ಟ ಮಾತು ಸುಳ್ಳಾಗುತ್ತಿತ್ತು ಅಂದೆ. ಅವಳಿಗೆ ನನ್ನ ಸಂಕಟವೇ ಅರ್ಥವಾಗಲಿಲ್ಲ. ಹೇಳಿದ ಹಾಗೆ ಜೊತೆಗೇ ಬಂತಲ್ಲ, ಸರಿಯಾದ ಹೊತ್ತಿಗೆ ಮಾತಾಡ್ತಲ್ಲ, ಇನ್ನೇನು ಅಂದಳು. ಆದರೂ ಈ ಸಂಗತಿಯ ನಂತರ ಕೊಂಬೈಗೆ ಹೋಗಿ, ಇನ್ನು ಮೇಲೆ ಎಲ್ಲರೂ ಅವರವರ ನಂಬರನ್ನೇ ಕೊಡಬೇಕು ಅಂತ ಮನೆ ಮನೆಗೆ ಕೈ ಮುಗಿದು ಬಂದೆ. ಅತ್ತೆಗೂ ಅವಳ ಮಗ ಒಂದು ಫೋನು ಕೊಡಿಸಿದ.

ಅದಾಗಿ ಕೆಲವು ತಿಂಗಳಿಗೆ ನನಗೇ ಹೊಟ್ಟೆನೋವು ಬಂತು. ಬಲಗಡೆ, ಪಕ್ಕೆಲುಬಿನ ಕೆಳಗೆ. ತೇನಿಯ ನಮ್ಮದೇ ಆಸ್ಪತ್ರೆಯಲ್ಲಿ, ನಾನೇ ಕೊಂಡ ಸ್ಕ್ಯಾನ್ ಯಂತ್ರದ ಕೆಳಗೆ ಮಲಗಿದೆ. ಸುದ್ದಿ ಕೇಳಿ ಅತ್ತೆಯೂ ಬಂದು ಪಕ್ಕದಲ್ಲಿ ಕೂತಳು. ಸ್ಕ್ಯಾನ್ ಡಾಕ್ಟರು ಒಂದು ಪರದೆ ನೋಡಿದರು, ಇನ್ನೊಂದು ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿದರು.

ಪಿತ್ತಕೋಶದಲ್ಲಿ ಕಲ್ಲು ಕಾಣುತ್ತಿದೆ, ಆದರೆ ದಾಖಲೆ ಪ್ರಕಾರ ನಿಮಗೆ ಪಿತ್ತಕೋಶವೇ ಇಲ್ಲ, ದಿಂಡಿಗಲ್‌ನಲ್ಲಿ ತೆಗೆದಿದ್ದಾರೆ ಅಂದರು. ಅಷ್ಟೇ ಅಲ್ಲ, ಹೆರಿಗೆಯೂ ಆಗಿದೆ, ತಾಯಿ ಮಗು ಕ್ಷೇಮ ಅಂತ ಓದಿದರು. ವಿಮೆಯವರನ್ನು ಕೇಳಿದರೆ, ಒಬ್ಬ ಮನುಷ್ಯನಿಗೆ ಪಿತ್ತಕೋಶ ಒಂದೇ ಸಲ ತೆಗೆಯಲು ಬರುತ್ತದೆ ಅಂದರು. ನನಗೆ ರೇಗಿತು. ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿ, ಅದನ್ನು ಅಳಿಸಿ ಅಂದೆ. ಅಲ್ಲಿನ ಮುಖ್ಯಸ್ಥೆ ಬಹಳ ವಿನಯದಿಂದ, ಯಾರಿಗೂ ಯಾವ ಕಾರಣಕ್ಕೂ ಅಳಿಸಲಾಗಬಾರದು ಅಂತ ಷರತ್ತು ಇದೆ ಸಾರ್, ಕೆಳಗೆ ನಿಮ್ಮ ಸಹಿ ಇದೆ ಅಂದರು.

ಅತ್ತೆಗೆ ತಾಳ್ಮೆ ಕೆಟ್ಟಿತು. ಸೀರೆಯ ಸೆರಗು ಸರಿಸಿ ತನ್ನ ಹೊಟ್ಟೆಯ ಗಾಯದ ಗುರುತನ್ನು ಸ್ಕ್ಯಾನ್ ಡಾಕ್ಟರಿಗೆ ತೋರಿಸಿ, "ಕುಯ್ದಿದ್ದು ನಂಗೆ. ಕಲ್ಲು ಅವಂದು. ಇಷ್ಟು ತಿಳಿಯಕ್ಕೆ ಯಂತ್ರ ಯಾಕಪ್ಪ?" ಅಂದಳು.

ಕೊನೆಗೆ ಇದ್ದದ್ದು ಒಂದೇ ದಾರಿ. ಬೇರೆ ನಂಬರು ಕೊಟ್ಟರೆ ಯಂತ್ರ ಹೊಸ ದಾಖಲೆ ತೆರೆಯುತ್ತದೆ. ನನ್ನ ಹತ್ತಿರ ಬೇರೆ ನಂಬರು ಎಲ್ಲಿದೆ? ಹೆಂಡತಿಯದನ್ನು ಕೇಳಿದೆ. ಏಳು ತಿಂಗಳ ಮೆಸೇಜು ಅವಳಿಗಿನ್ನೂ ನೆನಪಿತ್ತು, ಕೊಡಲಿಲ್ಲ. ಆಗ ಅತ್ತೆಯೇ ಸೊಂಟದಿಂದ ಹೊಸ ಫೋನು ತೆಗೆದು, ನಂಬರು ಗಟ್ಟಿಯಾಗಿ ಹೇಳಿ, "ಯಾರಿಗೇ ಏನಾದ್ರೂ ನನ್ ನಂಬರ್ ಕೊಡಿ, ನಾ ನೋಡ್ಕೋತೀನಿ" ಅಂದಳು. ಮಾತು ನನ್ನದೇ.

ಆಪರೇಷನ್ ಚೆನ್ನಾಗಿ ಆಯಿತು. ಈಗ ನನ್ನ ಹೊಟ್ಟೆಯ ಎಲ್ಲ ಮೆಸೇಜೂ ಕೊಂಬೈಗೆ ಹೋಗುತ್ತದೆ. ಅತ್ತೆಗೆ ಓದಲು ಬರುವುದಿಲ್ಲ, ಆದ್ದರಿಂದ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಗಟ್ಟಿಯಾಗಿ ಓದಿಸುತ್ತಾಳೆ. ಮೊನ್ನೆ ಒಡ್ಡನ್‌ಛತ್ರದ ಮಾರ್ಕೆಟ್ಟಿನಲ್ಲಿ, ನಾನು ಕಂಡೇ ಇರದ ಒಬ್ಬ ಲಾರಿ ಡ್ರೈವರು ನನ್ನನ್ನು ತಡೆದು ನಿಲ್ಲಿಸಿ, ಇವತ್ತು ಬೆಳಗ್ಗೆ ಹೊಟ್ಟೆ ಸರಿಯಾಗಿ ಖಾಲಿಯಾಯಿತೇ ಅಂತ ವಿಚಾರಿಸಿದ. ಇಷ್ಟು ವರ್ಷದಲ್ಲಿ ನಾನು ಕೊಂಡ ಯಾವ ಯಂತ್ರವೂ ಒಬ್ಬ ರೋಗಿಯ ಮಾಹಿತಿಯನ್ನು ಇಷ್ಟು ದೂರ ಮುಟ್ಟಿಸಿರಲಿಲ್ಲ.